ತಿದ್ದುಪಡಿ

ಇಪ್ಪತ್ತೊಂಬತ್ತು ವರ್ಷ ಅವಳ ಕೊರಳಪಟ್ಟಿಗೆ
ಮೈಕು ಸಿಕ್ಕಿಸಿದವನು ನಾನು.
ನೀವು ನೋಡಿದ್ದು ಮುಖ:
ಬೂದು ಕೋಟು, ಎಡಗೆನ್ನೆಯ ಮಚ್ಚೆ,
ಎಂಟಕ್ಕೆ ಸರಿಯಾಗಿ ಒಂದು ‘ಶುಭಸಂಜೆ’.
ನನ್ನ ಪಾಲಿಗೆ ಬಂದದ್ದು ಮಿಕ್ಕದ್ದು.
ಊಟ ಬಿಟ್ಟ ಹೊಟ್ಟೆಯ ಗೊಣಗು,
ಹಾಳೆಯಂಚು ಉಗುರಿಗೆ ತಾಗುವ ಸದ್ದು,
ಕೆಟ್ಟ ಸುದ್ದಿಗೆ ಮುಂಚೆ ನುಂಗಿದ ಉಗುಳು.

ಲಮಾರಾ ಬಂದದ್ದು ಕುತಾಯಿಸಿಯಿಂದ,
ರಟ್ಟಿನ ಪೆಟ್ಟಿಗೆಯಲ್ಲಿ ಅಮ್ಮನ ಬೂಟು ಇಟ್ಟುಕೊಂಡು.
ಮೊದಲ ವರ್ಷ ಬರೀ ಹವಾಮಾನ.
ರಿಯೋನಿ ನದಿ ನಾಲ್ಕು ಮೀಟರ್ ಏರಿದೆ ಎನ್ನಲು ಹೋಗಿ
ನಲವತ್ತು ಎಂದಳು.
ದಂಡೆಯ ಜನ ಕೋಳಿ, ಅಜ್ಜಿ, ಹೊಲಿಗೆ ಯಂತ್ರ ಹೊತ್ತು
ಗುಡ್ಡ ಹತ್ತಿದರಂತೆ.
ಸಂಬಳದಲ್ಲಿ ಹತ್ತು ರೂಬಲ್ ಖೋತಾ.
ನಾವೆಲ್ಲ ನಕ್ಕೆವು, ಅವಳು ನಗಲಿಲ್ಲ.
“ನಂಬಿಬಿಟ್ಟರಲ್ಲ ಗುರಾಮ್,
ನಾನು ಅಂದೆ ಅಂತ ನಂಬಿಬಿಟ್ಟರಲ್ಲ.”

ಆಮೇಲೆ ಸುದ್ದಿ.
ಆಗೆಲ್ಲ ಹಾಳೆ ಮೇಲಿನಿಂದ ಬರುತ್ತಿತ್ತು,
ಮೂರು ಸಹಿ, ಒಂದು ನೇರಳೆ ಮುದ್ರೆ,
ಅಲ್ಪವಿರಾಮಕ್ಕೂ ಅಪ್ಪಣೆ.
ಎಂಬತ್ತಾರರ ವಸಂತ; ಉತ್ತರದಲ್ಲೆಲ್ಲೋ ಏನೋ ಉರಿದಿತ್ತು.
‘ಗಾಳಿ’ ಎಂದವಳೇ
ನಿಂತಳು.
ಅರ್ಧ ಸೆಕೆಂಡು.
ಮೀಟರಿನ ಮುಳ್ಳು ಸೊನ್ನೆಗೆ ಬಿತ್ತು, ನನ್ನ ಜೀವವೂ.
‘...ಎಂದಿನಂತಿದೆ.’
ಮರುದಿನ ಮಕ್ಕಳು ಕಾಗದದ ಹೂ ಹಿಡಿದು ಮೆರವಣಿಗೆ ಹೋದರು.
ಸಾಲಿನಲ್ಲಿ ನನ್ನ ಮಗಳೂ ಇದ್ದಳು.
ಆ ಅರ್ಧ ಸೆಕೆಂಡಿನ ಮಾತು
ನಾವಿಬ್ಬರೂ ಎಂದೂ ಎತ್ತಲಿಲ್ಲ.

ಬಾವುಟ ಬದಲಾಯಿತು. ಕರೆಂಟು ಹೋಯಿತು.
ತೊಂಬತ್ತಮೂರರ ಚಳಿಗಾಲ ಟಿಬಿಲಿಸಿಯಲ್ಲಿ
ಸ್ಟುಡಿಯೋಕ್ಕೆ ಮಾತ್ರ ಜನರೇಟರು.
ಸೀಮೆಎಣ್ಣೆ ನಾತದ ನಡುವೆ ಬೂದು ಕೋಟಿನ ಕೆಳಗೆ
ಎರಡು ಸ್ವೆಟರು ತೊಟ್ಟು
ಇಡೀ ಕತ್ತಲ ಊರಿಗೆ ಅವಳು ‘ಶುಭಸಂಜೆ’ ಅನ್ನುತ್ತಿದ್ದಳು.
ಯಾರ ಮನೆಯಲ್ಲೂ ಪರದೆ ಬೆಳಗುತ್ತಿರಲಿಲ್ಲ.
ಮುಗಿಸಿ ಕೆಳಗಿಳಿದರೆ ರೊಟ್ಟಿಯ ಸಾಲು,
ದೋಣಿಯಂಥ ರೊಟ್ಟಿಗೆ ಬೆಳಗಿನವರೆಗೆ ಕಾಯುವ ಜನ.
ಯಾರೋ ಕೇಳಿದರು: “ಏನಮ್ಮ, ಇವತ್ತೇನು ಸುದ್ದಿ?”
ಅವಳು ಸಾಲಿನ ತುದಿಯಿಂದ ಓದುತ್ತ ಬಂದಳು,
ಮೋಂಬತ್ತಿ ಹಿಡಿದವನು ನಾನು.
ಮೈಕು ಇಲ್ಲದೆ ಅವಳ ದನಿ
ಇಷ್ಟು ಸಣ್ಣದೆಂದು ಅಂದೇ ಗೊತ್ತಾದದ್ದು.

ಸಮುದ್ರತೀರದ ಯುದ್ಧದಿಂದ ಹೆಸರುಗಳು ಬರುತ್ತಿದ್ದವು.
ಅವನ್ನು ಮೊದಲೇ ಓದಿ ನೋಡುವವಳಲ್ಲ ಅವಳು.
“ಸತ್ತವರನ್ನು ತಾಲೀಮು ಮಾಡಬಾರದು.”
ಹಾಗಾಗಿಯೇ ಒಂದು ರಾತ್ರಿ, ಹದಿನೇಳನೇ ಹೆಸರಲ್ಲಿ,
‘ಒತಾರ್’ ಇದ್ದದ್ದು
‘ಓತಿಯಾ’ ಆಯಿತು.

ಬೆಳಗ್ಗೆ ಬಾಗಿಲಲ್ಲೊಬ್ಬ ಹೆಂಗಸು,
ಕಪ್ಪು ತೊಟ್ಟಿರಲಿಲ್ಲ, ತುಟಿಗೆ ಬಣ್ಣ ಕೂಡ ಇತ್ತು.
ಕೈಯಲ್ಲೊಂದು ಅಕ್ರೋಟಿನ ಡಬ್ಬಿ, ಉಡುಗೊರೆ.
“ರೊಟ್ಟಿ ಸಾಲಿನಲ್ಲಿ ಕೇಳಿದೆ. ಮನೆತನ ನಮ್ಮದೇ,
ತಂದೆ ಹೆಸರೂ ನಮ್ಮದೇ.
ಆದರೆ ನನ್ನ ಮಗ ಒತಾರ್.
ನೀವಂದದ್ದು ಓತಿಯಾ.
ಹಾಗಾದರೆ ಅದು ಬೇರೆ ಯಾರೋ, ಅಲ್ಲವೆ?”

ಆಡಿದ ಮಾತು, ಒಡೆದ ಮುತ್ತು ಅನ್ನುತ್ತಾರೆ.
ಒಡೆದದ್ದನ್ನು ಕೂಡಿಸಿ ಕೊಡಬೇಕಿತ್ತು ಅವಳೀಗ,
ಅದೂ ಇಂಥ ಕೈಗೆ.
“ಹಾಳೆಯಲ್ಲಿ ಸರಿಯಾಗಿತ್ತು,” ಎಂದಳು ಲಮಾರಾ.
“ತಪ್ಪಿದ್ದು ನನ್ನ ನಾಲಿಗೆ.”

ಅಂದು ಸಂಜೆ ಯಾರ ಅಪ್ಪಣೆಯೂ ಇಲ್ಲದೆ
ಸುದ್ದಿಗೆ ಮೊದಲೇ ಒಂದು ವಾಕ್ಯ:
ತಿದ್ದುಪಡಿ. ನಿನ್ನೆಯ ಹದಿನೇಳನೆಯವನು ಒತಾರ್.
ಅಕ್ರೋಟಿನ ಡಬ್ಬಿ ವರ್ಷಗಟ್ಟಲೆ ಮೇಕಪ್ ಮೇಜಿನ ಮೇಲಿತ್ತು,
ಯಾರೂ ಮುಚ್ಚಳ ತೆಗೆಯಲಿಲ್ಲ.

ಕೊನೆಯ ದಿನ ಕೇಕು ಇತ್ತು, ಹೊಸ ಹುಡುಗರು,
ಗಾಜಿನ ಮೇಲೆ ತಾನಾಗಿ ಉರುಳುವ ಅಕ್ಷರ.
ಗದ್ದಲದಲ್ಲಿ ಮೈಕು ಬಿಚ್ಚುವುದು ಮರೆತೆ.
ಲಿಫ್ಟು ಕೆಟ್ಟಿತ್ತು; ಮೆಟ್ಟಿಲಿಳಿಯುತ್ತಿದ್ದಳು.
ನನ್ನ ಕಿವಿಯಲ್ಲಿ ಅವಳ ಹಿಮ್ಮಡಿ, ಏದುಸಿರು,
ಆಮೇಲೆ ಆ ಎಂಟು ಗಂಟೆಯ ದನಿ:
“ತಿದ್ದುಪಡಿ. ನದಿ ಏರಿದ್ದು ನಾಲ್ಕೇ ಮೀಟರ್.
ತಿದ್ದುಪಡಿ. ಆ ವಸಂತದಲ್ಲಿ ಗಾಳಿ...”

ಮೂರನೇ ಮಹಡಿಯ ಕೆಳಗೆ
ನಮ್ಮ ಕಟ್ಟಡದಲ್ಲಿ ಸಿಗ್ನಲ್ ಸಿಗುವುದಿಲ್ಲ.