ಎರಡು ಹಲಗೆ, ಎರಡು ಸ್ಪ್ರಿಂಗು

ತಾರ್ತುವಿನ ಸಂಗೀತಶಾಲೆ ಬಾಗಿಲು ಹಾಕಿದಾಗ
ಹೆಲ್ದುರ್ ಮುದುಕ ಮೂವತ್ತು ಮೆಟ್ರೊನೋಮು
ತೂಕದ ಲೆಕ್ಕದಲ್ಲಿ ಕೊಂಡು ತಂದ.
ಎಲ್ಲ ಒಂದೇ ಕಾರ್ಖಾನೆಯವು, ಒಂದೇ ವರ್ಷದವು,
ಒಡಹುಟ್ಟಿದವರಷ್ಟು ಹೋಲಿಕೆ,
ಜಗಳವೂ ಅಷ್ಟೇ.

ತೊಲೆಯಿಂದ ಎರಡು ಹಲಗೆ ಇಳಿಬಿಟ್ಟು
ಹದಿನೈದು ಇದಕ್ಕೆ, ಹದಿನೈದು ಅದಕ್ಕೆ.
ನಡುವೆ ಎರಡು ಸ್ಪ್ರಿಂಗು, ಹಳೆ ಸೈಕಲ್ ಸೀಟಿನವು.
"ಕೀಲಿ ಕೊಡು, ಮೈಮು."
ಕೊಟ್ಟೆ. ಹೆಬ್ಬೆರಳು ಕೆಂಪಗಾಯಿತು.

ಮೊದಲು ಬರೀ ಗದ್ದಲ,
ತಗಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ.
ಕಿಟಕಿಯಾಚೆ ಎಮಾಯೊಗಿ ನದಿಯ ಮಾರ್ಚಿ ಮಂಜುಗಡ್ಡೆ
ಒಂದಕ್ಕೊಂದು ಭುಜ ತಾಕಿಸುತ್ತ ಹೊರಟಿತ್ತು.

ಆಮೇಲೆ, ಯಾವಾಗಲೋ,
ಬಲಗಡೆಯ ಹಲಗೆ ತೂಗತೊಡಗಿತು.
ಟಕ್.
ಹದಿನೈದಕ್ಕೂ ಸೇರಿ ಒಂದೇ ಟಕ್.
ಕೋಲು ಹಿಡಿದು ನಿಂತವರಿಲ್ಲ.
ಒಂದೊಂದೂ ಕಾಲಡಿಯ ಮರವನ್ನು ಇಷ್ಟೇ ಇಷ್ಟು ದೂಡಿತ್ತು,
ಮರ ಎಲ್ಲವನ್ನೂ ಇಷ್ಟೇ ಇಷ್ಟು ದೂಡಿತ್ತು.
ಸಾಕಾಗಿತ್ತು.

ಎಡಗಡೆಯದು ಕೂಡಲಿಲ್ಲ.
ನಾಲ್ಕು ಹೆಜ್ಜೆ ಜೊತೆಗಿಟ್ಟು ಐದನೆಯದಕ್ಕೆ ಚೆದುರುವುದು.
ಪಕ್ಕದ ತಾಳ ಸ್ಪ್ರಿಂಗಿನಲ್ಲಿ ಹಾದು ಬಂದು
ಕದ ತಟ್ಟಿ ತಟ್ಟಿ ಹಿಂದಿರುಗುವುದು.

"ಕೆಟ್ಟಿರೋದು ಯಾವುದು? ತೆಗೆದಿಡಲೇ?"
ಅವನು ಮಾತಾಡದೆ ಮತ್ತೆ ಎಲ್ಲವನ್ನೂ ನಿಲ್ಲಿಸಿ ಬಿಟ್ಟ.
ಈ ಸಲ ಎಡಗಡೆಯದು ಒಂದಾಯಿತು,
ಬಲಗಡೆಯದು ಪುಂಡಾಯಿತು.
ಬೆರಳು ಬಿಟ್ಟ ಗಳಿಗೆಯಲ್ಲಿ ಕೂದಲೆಳೆ ಹೆಚ್ಚುಕಡಿಮೆ, ಅಷ್ಟೇ ಅಂತೆ.
ಸ್ಪ್ರಿಂಗು ಬಿಗಿದರೆ ಎರಡೂ ಒಂದೇ ದನಿ.
ತೀರ ಸಡಿಲಿಸಿದರೆ ಎದುರುಬದುರು ನಿಂತು ರಾಜಿ.
ನಡುವಿನ ಹದದಲ್ಲಿ ಮಾತ್ರ ಹೀಗೆ.
ಬಿಗಿಯಲೂ ಇಲ್ಲ ಸಡಿಲಿಸಲೂ ಇಲ್ಲ,
ಸಕ್ಕರೆಯಿಲ್ಲದ ಚಹಾ ಹೀರುತ್ತ ಕೂತ.

ಹೋದ ವಾರ ಆಸ್ಪತ್ರೆಯ ಗೆರೆಕಾಗದದಲ್ಲಿ
ಅವನ ಎದೆ ಬರೆದದ್ದನ್ನು ನೋಡಿದ್ದೆ.
ಮೇಲಿನ ಎರಡು ಕೋಣೆ ಸುಮ್ಮನೆ ನಡುಗುತ್ತವೆ,
ಯಾರ ಮಾತೂ ಯಾರಿಗೂ ಇಲ್ಲ;
ಕೆಳಗಿನವೆರಡು, ಕೇಳಿಸಿದಷ್ಟು ಕೇಳಿಸಿಕೊಂಡು,
ತಡವರಿಸುತ್ತ ಜೊತೆಯಾಗಿ ಒತ್ತುತ್ತವೆ.
ಡಾಕ್ಟರು ಮೂರು ಬಗೆಯ ಮಾತ್ರೆ ಬರೆದಿದ್ದಾರೆ.
ಎರಡನ್ನು ನುಂಗುತ್ತಾನೆ.

ಕತ್ತಲಾದ ಮೇಲೆ ಕಾಲುಸೇತುವೆ ದಾಟಿದೆವು.
ಅವನ ಹೆಜ್ಜೆಗೆ ಹೆಜ್ಜೆ ಕೂಡಿಸಲು ನೋಡಿದೆ,
ಮೂರು ಬಾರಿ ನೋಡಿದೆ.
"ಬಿಡು," ಎಂದ, ಉಸಿರು ಹಿಡಿದು ನಿಂತು.
ನಮ್ಮಿಬ್ಬರ ಕೆಳಗೆ
ಸೇತುವೆ ಸಣ್ಣಗೆ ತೂಗುತ್ತಿತ್ತು.