ದವಡೆಯ ಮೇಲೆ ಮೂರು ಗೆರೆ

ಅಂಗಡಿಯ ಟ್ಯೂಬ್‌ಲೈಟು ಸುಳ್ಳು ಹೇಳುತ್ತೆ,
ಹೊರಗೆ ಹೋಗಿ ಬಿಸಿಲಲ್ಲಿ ನೋಡ್ಕೊ, ಎಂದು
ನಸೀಮಾ ಆಪಾ ನನ್ನ ದವಡೆಯ ಮೇಲೆ
ಮೂರು ಗೆರೆ ಎಳೆದಳು,
ಗೋರಂಟಿ ಹಾಕುವವಳ ಹಾಗೆ, ಉಸಿರು ಹಿಡಿದು.
"ಈಗಲೇ ಕೊಳ್ಳಬೇಡ. ಸಂಜೆವರೆಗೂ ಇರಲಿ.
ಉರಿದರೆ ತೊಳಕೋ. ಉರಿಯದಿದ್ದರೆ ಬಾ."

ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವ ಫ್ಯಾನ್ಸಿ ಸ್ಟೋರು
ಶಿಡ್ಲಘಟ್ಟದಲ್ಲಿ ಇದೊಂದೇ ಇರಬೇಕು.

ನನ್ನ ಚರ್ಮದ ಕತೆ ಅವಳಿಗೆ ಗೊತ್ತು.
ನಾದಿನಿಯ ಮದುವೆಗೆ ಪಾರ್ಲರಿನ ಹುಡುಗಿ
ಏನನ್ನೋ ಬಳಿದು, ಅದರ ಮೇಲೆ ಮತ್ತೇನನ್ನೋ ಮೆತ್ತಿ,
ಮುಹೂರ್ತದ ಹೊತ್ತಿಗೆ ಮುಖ ಬೋಂಡದಂತೆ ಊದಿ
ವಿಡಿಯೋದಲ್ಲಿ ನಾನು ಎಲ್ಲೆಲ್ಲೂ ಸೆರಗಿನ ಹಿಂದೆ.
ಬರೀ ಪೌಡರ್ ಸಾಕೆಂದರೆ
ಹೊಟ್ಟೆದ್ದ ಕೆನ್ನೆಯಲ್ಲಿ ಅದು ಸಿಕ್ಕಿಕೊಂಡು ಕೂರುತ್ತದೆ,
ಹಬ್ಬಕ್ಕೆ ಬಳಿದ ಸುಣ್ಣ
ಹಬ್ಬದ ದಿನವೇ ಚಕ್ಕೆ ಎದ್ದ ಹಾಗೆ.

ಇಪ್ಪತ್ತೊಂದು ವರ್ಷ ಕುದಿನೀರಿನ ಬೇಸಿನ್ನಿಗೆ ಬಾಗಿ
ಗೂಡಿನ ಎಳೆ ಹುಡುಕಿದ ಮುಖ.
ದಿನವಿಡೀ ಹಬೆಯಲ್ಲಿದ್ದೂ ಒಣಗುವುದು ಹೇಗೆ
ಎಂದು ಡಾಕ್ಟರನ್ನು ಕೇಳಿದೆ.
ಅವರು ತಲೆಯೆತ್ತದೆ ಮುಲಾಮು ಬರೆದರು.

ಮೊದಲ ಗೆರೆ ಅಂಗಡಿಯ ಹುಡುಗ ಆರಿಸಿದ್ದು:
"ಒಂದು ಶೇಡ್ ಬೆಳ್ಳಗೆ ಅಕ್ಕ, ಎಲ್ಲರೂ ಇದನ್ನೇ ಒಯ್ತಾರೆ."
ಎರಡನೆಯದು ಅಕ್ಕನ ಮಗಳು ಫೋನಿನಲ್ಲಿ ತೋರಿಸಿದ್ದು.
ಡಬ್ಬಿಯ ಮೇಲೆ ಚಿನ್ನದಕ್ಷರದಲ್ಲಿ ಸಿಲ್ಕ್ ಎಂದಿತ್ತು.
ನಗು ಬಂತು.
ನನಗೆ ಗೊತ್ತಿರುವ ರೇಷ್ಮೆ ಬೆಂದ ಹುಳುವಿನ ವಾಸನೆ,
ಬಸ್ಸಿನಲ್ಲಿ ಪಕ್ಕದವಳು ಕಿಟಕಿಯತ್ತ ತಿರುಗುವಂಥದ್ದು.
ಮೂಸಿದೆ. ಗುಲಾಬಿಯೋ ಏನೋ.
"ಘಮ ಇದ್ದದ್ದು ನಿನಗಾಗಲ್ಲ," ಅಂದಳು ಆಪಾ,
ಆದರೂ ಎಳೆದಳು.
ಮೂರನೆಯದು ಕೆಳಗಿನ ಖಾನೆಯಿಂದ
ಅವಳೇ ಧೂಳೊರೆಸಿ ತೆಗೆದದ್ದು. ನೀರಿನಷ್ಟು ತೆಳು.
ಡಬ್ಬಿಯ ಮೇಲೆ ನಗುವ ಹೆಣ್ಣೂ ಇಲ್ಲ.

ಮೂರು ಗೆರೆ ಹೊತ್ತು ಊರು ತಿರುಗಿದೆ.
ಕೋಟೆ ಸರ್ಕಲ್ಲಿನಲ್ಲಿ ಹೂವಿನ ಪಾಪಕ್ಕ:
"ಏನೇ ಮುನಿರತ್ನ, ದೃಷ್ಟಿ ತೆಗೆಸಿದೆಯಾ?"
ಗೂಡಿನ ಮಾರ್ಕೆಟ್ಟಿನ ತೂಕದವನು:
"ಯಾವ ಪಾರ್ಟಿ ಬಾವುಟ ಅದು?"
ಯಾರೂ ಎರಡೇ ಗೆರೆ ಎನ್ನಲಿಲ್ಲ, ಮೂರು ಎಂದೂ ಎನ್ನಲಿಲ್ಲ.
ರೇಷನ್ ಅಂಗಡಿಯಲ್ಲಿ ಎಂದಿನಂತೆ
ಯಂತ್ರ ನನ್ನ ಹೆಬ್ಬೆಟ್ಟು ಒಪ್ಪಲಿಲ್ಲ.
ಒರೆಸಿ ಇಡು, ಒತ್ತಿ ಇಡು, ಇನ್ನೊಂದು ಬೆರಳಿಡು.
ಬಿಸಿನೀರು ಕುಡಿದ ಗೆರೆಗಳು
ಎಲ್ಲಿಂದ ಬರಬೇಕು?

ಎರಡು ಗಂಟೆಗೆ ಸಿಲ್ಕ್ ಉರಿಯತೊಡಗಿತು.
ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ತೊಳೆದೆ.
ಯಾರದೋ ಬೈಕಿನ ಕನ್ನಡಿಗೆ ಬಗ್ಗಿ ನೋಡಿದರೆ
ಬೆಳ್ಳಗಿನದು ಬೇರೆ ಹೆಂಗಸಿನ ದವಡೆ,
ನನ್ನ ಕುತ್ತಿಗೆಗೆ ಅವಳ ಪರಿಚಯವೇ ಇಲ್ಲ.
ಮೂರನೆಯದನ್ನು ಹುಡುಕಿದೆ, ಸಿಗಲಿಲ್ಲ.

"ಅದು ಅಳಿಸಿ ಹೋಯಿತು ಆಪಾ."
ಗದ್ದ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿದಳು:
"ಹೋಗಿಲ್ಲ. ಅಲ್ಲೇ ಇದೆ. ಕಾಣದಿರೋದೇ ನಿಂದು."

ಅರಿಶಿನ, ಕಡಲೆಹಿಟ್ಟು, ಹಾಲಿನ ಕೆನೆ,
ನೋಡಲು ಬಂದವರು "ಹುಡುಗಿ ಸ್ವಲ್ಪ..." ಎಂದು
ಅರ್ಧಕ್ಕೆ ಬಿಟ್ಟ ಮಾತು.
ಅಳಿಸುವುದಕ್ಕೇ ಖರ್ಚು ಮಾಡಿದ್ದೆವು ಇದುವರೆಗೆ.
ಆರುನೂರ ನಲವತ್ತು ಕೊಟ್ಟು ಇವತ್ತು
ನನ್ನದೇ ಬಣ್ಣ ಕೊಂಡೆ.
(ನಲವತ್ತು ಬಿಡು ಎಂದೆ. ಬಿಡಲಿಲ್ಲ.)

"ಮೊದಲು ಕ್ರೀಮು. ಹತ್ತು ನಿಮಿಷ ಸುಮ್ಮನಿರು.
ಆಮೇಲೆ ಒದ್ದೆ ಬೆರಳಲ್ಲಿ ತಟ್ಟು, ತಿಕ್ಕಬೇಡ.
ಗೂಡಿನ ತುದಿ ಹುಡುಕ್ತೀಯಲ್ಲ, ಅಷ್ಟು ಮೆತ್ತಗೆ."

ಭಾನುವಾರ, ಅಕ್ಕನ ಮಗಳ ಮದುವೆಯ ಬೆಳಗು,
ಎಲ್ಲರೂ ಏಳುವ ಮುಂಚೆ ಬಚ್ಚಲಮನೆಯ ಬಲ್ಬಿನಡಿ
ಕ್ರೀಮು ಹಚ್ಚಿ ಹತ್ತು ನಿಮಿಷ ಸುಮ್ಮನೆ ನಿಂತೆ.
ಹೊರಗೆ ಹಾಲಿನವನ ಸೈಕಲ್ಲು.
ಆಮೇಲೆ, ಯಾವ ಯಂತ್ರವೂ ಗುರುತು ಹಿಡಿಯದ ಬೆರಳಿಂದ
ತಟ್ಟುತ್ತಾ ಹೋದೆ.