ಬಿರಟೆ ಲೆಕ್ಕ

ಬಿರಟೆ ಮರವನ್ನು ಸುಲಿದ ಮೇಲೆ
ಬೋಳು ಕಾಂಡಕ್ಕೆ ಬಿಳಿ ಬಣ್ಣದಲ್ಲಿ
ಒಂದು ಅಂಕಿ ಬರೆಯುತ್ತೇವೆ, ಇಸವಿಯ ಕೊನೆಯದು.
ಇನ್ನು ಹದಿನಾಲ್ಕು ವರ್ಷ ಕೊಡಲಿ ಮುಟ್ಟಿಸುವಂತಿಲ್ಲ.

ಆ ಹೊತ್ತಿಗೆ ನಾವು ಯಾವ ದೇಶದಲ್ಲಿರುತ್ತೇವೆ
ಅಂತ ಭಾನುವಾರ ಊಟದ ಮೇಜಲ್ಲಿ ಜಗಳ.
ಮೆರಿಟ್ಸೆಲ್ ತಟ್ಟೆ ಸರಿಸಿ
ರೊಟ್ಟಿ ಚೂರುಗಳಲ್ಲೇ ನಕಾಶೆ ಹರಡಿದಳು:
ಇದು ನಾವು, ಕತಲೋನ್ಯ. ಇದು ಫ್ರಾನ್ಸು.
ಈ ದಪ್ಪ ತುಂಡು ಆರಗಾನ್.
‘ನಮ್ಮ ತೆರಿಗೆ ನಮ್ಮಲ್ಲೇ ಉಳಿದರೆ, ಅಮ್ಮಾ...’
ನಾರ್ಸಿಸ್ ಸಿಟ್ಟಿನಲ್ಲಿ
ಆರಗಾನನ್ನು ಎಣ್ಣೆಗದ್ದಿ ತಿಂದುಬಿಟ್ಟ.

ನಾನು ಲೆಕ್ಕ ಬರೆಯುವವಳು.
ನನಗೆ ಗೊತ್ತಿರುವುದು ಎರಡು ಕಲಂ:
ಬಂದದ್ದು, ಹೋದದ್ದು.
ನೂರಕ್ಕೆ ಅರವತ್ತೆರಡು ಬಿರಟೆ
ಆರಗಾನ್ ದಾಟಿ, ಎಬ್ರೋ ಹೊಳೆಯ ಗುಂಟ
ಹಾರೋ ಊರಿಗೆ, ಎವಾರಿಸ್ತೊನ ಬಾಟಲಿಗಳಿಗೆ.
ಇಪ್ಪತ್ತಾರು ವರ್ಷದ ವ್ಯವಹಾರ.
ಮುಖ ನೋಡಿದ್ದು ಎರಡೇ ಸಲ,
ಅವನ ಮಗನ ಮದುವೆಗೆ ನಾವು ಹೋದದ್ದು,
ನಮ್ಮ ಮಾವನ ಮಣ್ಣಿಗೆ ಅವನು ಬಂದದ್ದು.

‘ಸರಿ’ ಅಂದಳು ಮಗಳು,
‘ನಮ್ಮ ಮಾತಾಡಿದ್ದಕ್ಕೆ
ಶಾಲೆಯಲ್ಲಿ ಅಜ್ಜಿಗೆ ಬಿದ್ದ ಏಟು
ಅದು ಯಾವ ಕಲಮಿಗೆ?’
ನಾನು ತಟ್ಟೆ ಎತ್ತಿದೆ.

ಮರ ಸುಲಿಯುವ ಅಬ್ದೆಸ್ಸಲಾಂ
ಕೊಡಲಿ ಮಸೆಯುತ್ತ ಇಷ್ಟೇ ಅಂದ:
‘ಎರಡು ಗಡಿ ದಾಟಿ ಬಂದಿದ್ದೇನೆ ಅಕ್ಕಾ.
ಮೂರನೆಯದು
ನಾನು ನಿಂತಲ್ಲಿಗೇ ನಡೆದು ಬಂದರೆ
ಮತ್ತೆ ಕಾಗದಕ್ಕೆ ಸಾಲು ನಿಲ್ಲಬೇಕಾ?’

ಗುರುವಾರ ರಾತ್ರಿ ಎವಾರಿಸ್ತೊ ಫೋನು.
ಮೊದಲು ಆಲಿಕಲ್ಲಿನ ಸುದ್ದಿ, ಆಮೇಲೆ ತನ್ನ ಮೊಣಕಾಲು,
ಆಮೇಲೆ ಕೆಮ್ಮು.
‘ಗಿರಾಕಿಗಳು ಬಿರಟೆ ಕಿತ್ತು ತಿರುಗಿಸಿ ನೋಡ್ತಾರೆ,
ಎಲ್ಲಿಯದು ಅಂತ.
ಈ ಸಲ ನಿಮ್ಮೂರ ಮುದ್ರೆ ಒತ್ತಬೇಡ.
ಸುಮ್ಮನೆ... ಬೋಳಾಗಿಯೇ ಕಳಿಸು.’
ಬೇಡ ಅನ್ನಲಿಲ್ಲ. ದರ ಇಳಿಸು ಅಂತಲೂ ಅನ್ನಲಿಲ್ಲ.
ಅದೇ ನುಂಗಲಾಗಲಿಲ್ಲ.

‘ಕಳಿಸಲೇಬೇಡ’ ಅಂದಳು ಮೆರಿಟ್ಸೆಲ್.
‘ಬಿರಟೆ ನೋಡಿ ಕಲೀರಿ,
ಮುಚ್ಚಿದರೂ ಉಸಿರಿಗೆ ಜಾಗ ಬಿಡುತ್ತೆ’ ಅಂತ
ನಾರ್ಸಿಸ್ ಶುರು ಮಾಡಿದ.
ಅಪ್ಪಾ, ನಿನ್ನ ಗಾದೆಗೆ ಯಾರು ಸುಂಕ ಕಟ್ತಾರೆ,
ಅಂತ ಅವಳು ಬಾಗಿಲು ಹಾಕಿಕೊಂಡಳು.

ಮುದ್ರೆಯ ಕಬ್ಬಿಣ ಆರಿಸಿಟ್ಟೆ.
ಹೊಗೆಯ ವಾಸನೆ ಇಲ್ಲದ ಕಾರ್ಖಾನೆ
ಯಾರದೋ ಮನೆಯ ಹಾಗಿತ್ತು.
ನಲವತ್ತು ಸಾವಿರ, ಬೋಳು, ಎಂದು ಬರೆದು
ಲಾರಿಗೆ ಹೇರಿಸಿದೆ.
ಒಂದು ಚೀಲದ ತಳದಲ್ಲಿ
ಹಳೆಯ ಮುದ್ರೆಯವು ಒಂದು ಹಿಡಿ ಉಳಿದಿದ್ದವು.
ನೋಡಿದೆ. ತೆಗೆಯಲಿಲ್ಲ.

ಹಣ ಬಂತು.
ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿ
ವಾಯಿದೆಗಿಂತ ಎರಡು ದಿನ ಮುಂಚೆ.

ಪೆನ್ನು ಹಿಡಿದು ಕೂತಿದ್ದೇನೆ,
ಆ ಎರಡು ದಿನವನ್ನು
ಯಾವ ಕಡೆ ಬರೆಯುವುದೋ ತಿಳಿಯದೆ.